ಒಣಗದ ಲಂಗ

“ಏ ಮುದಕಿ, ಕಣ್ಣು ಏನ್ ಕುಂಡಿ ಮ್ಯಾಲ ಅದಾವೇನ್ ನಿನಗ? ತಗೀ ಮೊದಲ ನಿಮ್ಮ ಈ ಹರಕ ಚಿಂದಿ! ನಾಳೆ ಸಾಹೇಬ್ರು ಕುಂತು ಊಟಾ ಮಾಡೂ ಜಾಗಾ ಇದು.”

ಈರೇಶ ಬಾಯಲ್ಲಿ ಅಂದಷ್ಟಕ್ಕೇ ಬಿಡಲಿಲ್ಲ. ಒಡ್ಡಿನ ಬುಡದ ಹಸಿರು ಹುಲ್ಲಿನ ಮೇಲೆ ಹರವಿದ್ದ ಎರಡು ಲಂಗಗಳನ್ನು ಬೂಟುಗಾಲಿನಿಂದ ಎತ್ತಿ ಆಚೆಗೆ ಒಗೆದ. ಲಂಗದ ತುಂಬ ಹೊಲಿದಿದ್ದ ಕನ್ನಡಿ ಬಿಲ್ಲೆಗಳು ಕಲ್ಲಿಗೆ ತಾಗಿ ಝಣ್ ಎಂದವು.

ರೂಪಿಬಾಯಿ ಬಗ್ಗಿ ಲಂಗ ಎತ್ತಿಕೊಂಡಳು. ಒಂದು ಬಿಲ್ಲೆ ಸೀಳು ಬಿಟ್ಟಿತ್ತು. ಅದನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಕತ್ತೆತ್ತಿ, “ಇಲ್ಲಿ ಕುರ್ಚಿ ನಿಂದ್ರೂದಿಲ್ಲಪ್ಪಾ,” ಅಂದಳು.

“ನಿನಗ ಯಾಂವ ಕೇಳ್ಯಾನ? ಕುರ್ಚಿ ನಿಂದ್ರಸೂದು ನೀ ಕಲಸ್ತಿಯೇನ್ ನನಗ? ನಿಮ್ಮ ತಾಂಡಾದಾಗ ಎಷ್ಟು ಕುರ್ಚಿ ಅದಾವ ಹೇಳು?”

“ಒಂದೂ ಇಲ್ಲ.”

“ಮತ್ತ? ಬಾಯಿ ಮುಚ್ಕೊಂಡು ಹೋಗು.”

ರೂಪಿಬಾಯಿ ಬಾಯಿ ಮುಚ್ಚಿದಳು. ಒಂದು ಮಾತನ್ನು ಒಂದು ಸಲ ಹೇಳುವುದು ಅವಳ ರೂಢಿ. ಎರಡನೇ ಸಲ ಹೇಳಿದರೆ ಮಾತು ಸವೆಯುತ್ತದೆ ಅನ್ನುವವಳು ಅವಳು.

ಹಳಿಯಾಳದಿಂದ ಮುಂಡಗೋಡದ ಕಡೆ ಹೋಗುವ ದಾರಿಯಲ್ಲಿ, ಸಾಗವಾನಿ ಕಾಡು ಮುಗಿದು ಭತ್ತದ ಗದ್ದೆ ಶುರುವಾಗುವ ಕಡೆಗೆ ಆ ಒಡ್ಡು ಇತ್ತು. ಅದಕ್ಕೊಂದು ಸರಕಾರಿ ಹೆಸರಿತ್ತು. ತಾಂಡಾದವರು ಬರೀ ‘ಒಡ್ಡು’ ಅನ್ನುತ್ತಿದ್ದರು. ಮಣ್ಣಿನ ಒಡ್ಡು, ಒಳಮೈಗೆ ಕಲ್ಲು ಹೊದಿಸಿದ್ದು. ಕಟ್ಟಿದ್ದು ಗದ್ದೆಗೆ ನೀರು ಬಿಡಲಿಕ್ಕೆ. ಆದರೆ ನಾಲ್ಕು ವರ್ಷದ ಕೆಳಗೆ, ದಾಂಡೇಲಿಗೆ ಕಾಳಿ ಹೊಳೆಯಲ್ಲಿ ರಬ್ಬರ್ ದೋಣಿ ಆಡಲಿಕ್ಕೆ ಪ್ಯಾಟೆಯ ಜನ ಬರತೊಡಗಿದಾಗ, ಸೋಮಪ್ಪ ಸಾವಕಾರ ಈ ನೀರನ್ನು ಗುತ್ತಿಗೆ ಹಿಡಿದ. ಹಂಸದ ಕುತ್ತಿಗೆಯ ಆರು ದೋಣಿ ತಂದು ಬಿಟ್ಟ. ದಂಡೆಗೆ ಒಂದು ಹೋಟೆಲು, ಹೋಟೆಲಿಗೊಬ್ಬ ಮ್ಯಾನೇಜರು ಈರೇಶ. ದೋಣಿ ತೇಲಬೇಕಾದರೆ ಬೇಸಿಗೆಯಲ್ಲೂ ನೀರು ನಿಲ್ಲಬೇಕಲ್ಲ? ಅದಕ್ಕೆ ಗದ್ದೆಗೆ ನೀರು ಬಿಡುವ ತೂಬು ಬಂದಾಯಿತು. ಆವತ್ತಿನಿಂದ ರೋಹಿಣಿ ಮಳೆಯ ಹೊತ್ತಿಗೂ ಒಡ್ಡಿನ ಕುತ್ತಿಗೆಮಟ ನೀರು. ಗದ್ದೆ ಒಣಗಿದವು, ಗದ್ದೆಯವರು ತೇರಗಾಂವದ ಕಡೆ ಕಬ್ಬು ಕಡಿಯಲಿಕ್ಕೆ ಹೋದರು.

ತೂಬು ಬಂದ್ ಮಾಡಿದ ಕೈ ಬೇರೆ ಯಾರದ್ದೂ ಅಲ್ಲ, ರೂಪಿಬಾಯಿಯ ಗಂಡ ಗಂಗಾರಾಮನದ್ದೇ. ತೂಬಿನ ಕೆಲಸ ಅವನ ಅಪ್ಪನಿಂದ ಬಂದದ್ದು. ನೀರಡಿ ಒಂದು ಹಾಸುಗಲ್ಲು, ಕಲ್ಲಿನಲ್ಲಿ ತೆಂಗಿನಕಾಯಿ ಹೋಗುವಷ್ಟು ತೂತು, ತೂತಿಗೆ ಮತ್ತಿ ಮರದ ಬಿರಡೆ. ಬಿರಡೆಗೆ ದಪ್ಪ ಬಟ್ಟೆ ಸುತ್ತಿ ಬಡಿದರೆ ಮಾತ್ರ ನೀರು ನಿಲ್ಲುತ್ತದೆ. ಎಂಥಾ ಬಟ್ಟೆಯೂ ಆಗುವುದಿಲ್ಲ. ಗೋಣಿ ಕೊಳೆಯುತ್ತದೆ, ಸೀರೆ ಹರಿಯುತ್ತದೆ. ತಾಂಡಾದ ಹೆಂಗಸರು ವರ್ಷಗಟ್ಟಲೆ ಕೂತು ಪದರ ಪದರ ಹೊಲಿಗೆ ಹಾಕಿದ ಫೇಟಿಯಾ, ಅಂದರೆ ಅವರ ಕನ್ನಡಿ ಲಂಗ, ಅದೊಂದೇ ತಡೆಯುವುದು. ಆವತ್ತು ಈರೇಶ ಹಗ್ಗದ ಮೇಲಿಂದ ಕೈಗೆ ಸಿಕ್ಕ ಲಂಗ ಎಳೆದು ಗಂಗಾರಾಮನ ಮುಖಕ್ಕೆ ಒಗೆದು, “ಇದನ್ನ ತುರುಕೋ ಬೋಳಿಮಗನ,” ಅಂದಿದ್ದ. ಅದು ರೂಪಿಬಾಯಿಯ ಮದುವೆಯ ಕೆಂಪು ಲಂಗ. ಗಂಗಾರಾಮ ಗುರುತು ಹಿಡಿದ. ತುರುಕಿದ. ಮೇಲೆದ್ದು ಬಂದವನು ಎಂಟು ದಿನ ಹೆಂಡತಿಯ ಕಣ್ಣಿಗೆ ಕಣ್ಣು ಕೊಡಲಿಲ್ಲ. ಒಂಬತ್ತನೇ ದಿನ ಅವಳೇ, “ಸಾಯ್ಲಿ ಬಿಡು, ಅದು ನನಗ ಬಿಗಿ ಆಗಿತ್ತು,” ಅಂದಳು.

ಆ ಮಧ್ಯಾಹ್ನ ಒಡ್ಡಿನ ಮೇಲಿನ ಜಾಲಿ ಕಡಿದು ಹಸನು ಮಾಡಲಿಕ್ಕೆ ಇಲಾಖೆಯ ಗ್ಯಾಂಗ್‌ಮನ್ ಅಡಿವೆಯ್ಯ ಬಂದಿದ್ದ. ನಿವೃತ್ತಿಗೆ ಎರಡು ತಿಂಗಳಿದ್ದ ಮುದುಕ. ಗಂಗಾರಾಮನ ಜೊತೆ ತಂಬಾಕು ತಿಕ್ಕುತ್ತ ಕೂತವನು, ನಾಳೆ ಬರುವ ಇಂಜಿನಿಯರ್ ಸಾಹೇಬರು ಏನು ಬರೆದುಕೊಳ್ಳುತ್ತಾರೆ ಎಂಬುದನ್ನು ಬಿಡಿಸಿ ಹೇಳಿದ.

“ಎರಡು ಖಾನಿ ಇರ್ತಾವ. ಒಂದು ಒಡ್ಡಿಂದು. ಗಟ್ಟಿ ಐತೋ, ಪರವಾಗಿಲ್ಲೋ, ಕೆಟ್ಟೈತೋ. ಇನ್ನೊಂದು ಅಪಾಯದ್ದು. ಒಡ್ಡು ಒಡದ್ರ ಕೆಳಗ ಎಷ್ಟು ಮಂದಿ ಸಾಯ್ತಾರ ಅನ್ನೂದು. ಮಂದಿ ಇದ್ರ ಅಪಾಯ ಹೆಚ್ಚು. ಇಲ್ಲಂದ್ರ ಕಡಿಮಿ.”

“ಹೋದ ಸಲ ಏನ್ ಬರದಾರ?” ರೂಪಿಬಾಯಿ ಕೇಳಿದಳು.

ಅಡಿವೆಯ್ಯ ತಂಬಾಕು ಬಾಯಿಗೆ ಹಾಕಿಕೊಂಡು ಆ ಕಡೆ ನೋಡಿದ. “ಕೆಳಗ ಯಾರೂ ಇಲ್ಲ ಅಂತ.”

ಒಡ್ಡಿನ ಬುಡದಿಂದ ಕೂಗಳತೆಯಲ್ಲಿ ತಾಂಡಾ. ನಲವತ್ತೆರಡು ಮನೆ. ಒಂದು ನಾಯಿ ಬೊಗಳಿತು. ಯಾರದೋ ಮನೆಯಲ್ಲಿ ಒಗ್ಗರಣೆ ಚುಂಯ್ ಅಂತು.

ರೂಪಿಬಾಯಿಯ ಸೊಸೆ ತುಳಜಾ ಏಳನೇತ್ತೆ ಕಲಿತವಳು. ನಾಲಿಗೆ ಮಾತ್ರ ಹತ್ತನೇತ್ತೆ ಪಾಸು. “ಹಂಗಾರ ಈ ಬೊಗಳಾಕತ್ತಿದ್ದು ಯಾರು ಕಾಕಾ? ದೆವ್ವದ ನಾಯೇನು?”

“ನೀವು ಕಾಗದದಾಗ ಇಲ್ಲ ತಂಗಿ. ಈ ಜಾಗಾ ನಿಮ್ಮ ಹೆಸರಿಲೆ ಇಲ್ಲ. ಮನಿ ನಂಬರ್ ಇಲ್ಲ.”

“ವೋಟಿನ ಕಾಗದದಾಗ ಅದೀವಲ್ಲ?”

“ಅದು ಬ್ಯಾರೆ ಕಾಗದ.”

ತುಳಜಾ ನಕ್ಕುಬಿಟ್ಟಳು. “ಚಲೋ ಆತು ಬಿಡ. ಸಾಯಾಕ ಬರೂದಿಲ್ಲ ನಮಗ. ವೋಟು ಹಾಕಾಕ ಅಷ್ಟಽ ಬರತೈತಿ.”

ರೂಪಿಬಾಯಿ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಅವಳು ಒಡ್ಡನ್ನು ನೋಡುತ್ತಿದ್ದಳು. ಅದು ಹುಟ್ಟಿದ್ದು ಅವಳ ಕಣ್ಣ ಮುಂದೆ. ತಾಂಡಾದ ಎತ್ತುಗಳು ಅದರ ಮಣ್ಣು ತುಳಿದಿದ್ದವು, ತಾಂಡಾದ ಹೆಂಗಸರು ಹೊತ್ತಿದ್ದರು. ಅವಳಿಗೆ ಆಗ ಎಂಟು ವರ್ಷ. ಅವ್ವನ ಹಿಂದೆ ಒಂದು ಸಣ್ಣ ಬುಟ್ಟಿ ಹೊತ್ತು ಓಡಾಡಿದ್ದಳು. ಈಗ ಹುಲ್ಲು ಹಸಿರಾಗಿರುವ ಜಾಗದಲ್ಲಿ ಆಗೊಂದು ಮತ್ತಿ ಮರದ ಬೊಡ್ಡೆ ಇತ್ತು. ನಾಲ್ಕು ಜನ ಎರಡು ದಿನ ಅಗೆದರೂ ಕೀಳದ ಬೊಡ್ಡೆ. ಮೇಸ್ತ್ರಿ ಬಂದು, “ನಾಳೆ ದೊಡ್ಡ ಮಂದಿ ನೋಡಾಕ ಬರ್ತಾರ, ಮುಚ್ಚಿ ಬಿಡ್ರಲೇ,” ಅಂದ. ಮುಚ್ಚಿದರು. ಅದರ ಮೇಲೆ ಬಿದ್ದ ಕೊನೆಯ ಬುಟ್ಟಿ ಮಣ್ಣು ರೂಪಿಯದ್ದು. ಮಾರನೇ ದಿನ ದೊಡ್ಡ ಮಂದಿ ಬಂದರು, ಕೈ ಮುಗಿಸಿಕೊಂಡರು, ಹೋದರು. ಬೊಡ್ಡೆ ಒಳಗೇ ಉಳಿದು, ಐವತ್ತು ವರ್ಷ ನಿಧಾನಕ್ಕೆ ಕೊಳೆಯಿತು.

ಇದನ್ನು ಯಾವ ಕಾಗದವೂ ಹೇಳುತ್ತಿರಲಿಲ್ಲ, ಬಟ್ಟೆ ಹೇಳುತ್ತಿತ್ತು. ತಾಂಡಾದ ಹೆಂಗಸರಿಗೆ ಒಡ್ಡಿನ ಬೆನ್ನೆಂದರೆ ಅರಿವೆ ಒಣಗಿಸುವ ಅಂಗಳ. ಎಲ್ಲಿ ಹರವಿದ್ದು ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ಬೊಡ್ಡೆಯ ಜಾಗದಲ್ಲಿ ಒಣಗುತ್ತಿರಲಿಲ್ಲ. ಮೊದಲು ಆ ಒಣಗದ ಜಾಗ ಒಂದು ಕುಪ್ಪಸದಗಲ ಇತ್ತು. ಆಮೇಲೆ ಒಂದು ಲಂಗದಗಲ ಆಯಿತು. ತೂಬು ಮುಚ್ಚಿದ ನಾಲ್ಕು ವರ್ಷಕ್ಕೆ ಉದ್ದುದ್ದ ಬೆಳೆದು ಮೂವತ್ತು ಲಂಗ ಸಾಲಾಗಿ ಹರವುವಷ್ಟಾಗಿತ್ತು. ಮೇಲೆ ನೋಡಿದರೆ ಹಸಿರು ಹುಲ್ಲು, ಎಂಥಾ ಚೆಂದ! ಈರೇಶನಿಗೆ ಪೆಂಡಾಲು ಹಾಕಲಿಕ್ಕೆ ಒಡ್ಡಿನುದ್ದಕ್ಕೂ ಅದಕ್ಕಿಂತ ಚೆಂದದ ಜಾಗ ಕಾಣಲಿಲ್ಲ.

ಹೊತ್ತು ಇಳಿಯುವಾಗ ಸೋಮಪ್ಪ ಸಾವಕಾರನೇ ತಾಂಡಾಕ್ಕೆ ಬಂದ. ಯಾವತ್ತೂ ಬರದವನು. ನಗುತ್ತಿದ್ದ ಬೇರೆ. ಹೊಟ್ಟೆ ಮುಂದೆ, ಅವನು ಹಿಂದೆ, ಅವನ ಹಿಂದೆ ಈರೇಶ.

“ನಾಳೆ ನಿಮಗೆಲ್ಲಾ ದಾಂಡೇಲಪ್ಪನ ದರ್ಶನ ಮಾಡಸ್ತೀನಿ. ಲಾರಿ ನಂದು, ಊಟಾ ನಂದು. ಬರೂ ಮುಂದ ಸೂಪಾ ಡ್ಯಾಮೂ ತೋರಸ್ತಾರ.”

“ಡ್ಯಾಮು ಯಾಕ್ರೀ? ತಲಿ ಮ್ಯಾಲ ಒಂದು ಐತಲ್ಲ, ದಿನಾ ನೋಡ್ತೀವಿ,” ಅಂದಳು ತುಳಜಾ.

ಸೋಮಪ್ಪ ಕೇಳಿಸಲಿಲ್ಲ ಎಂಬಂತೆ ನಕ್ಕ. ಈರೇಶ ಮುಂದೆ ಬಂದ. “ಹೊತ್ತು ಹುಟ್ಟೂಕಿಂತ ಮೊದಲ ಲಾರಿ ಬರತೈತಿ. ಒಬ್ರೂ ಇಲ್ಲಿ ಉಳೀಬಾರದು. ಮುದಕರು, ಕೂಸು, ಬಸರಿ, ಎಲ್ಲಾರೂ. ಒಲಿ ಹೊತ್ತಸಬಾರದು. ಕೋಳಿ ಮುಚ್ರಿ. ನಾಯಿ ಸೈತ ಹತ್ತಸ್ಕೊಂಡು ಹೋಗ್ರಿ.”

“ನಾಯಿಗೂ ದರ್ಶನ ಏನ್ರಿ?”

“ಏ ಹಡಬಿಟ್ಟಿ, ಬಾಯಿ ಬಾಳ ಆತು ನಿಂದು! ಬರಲಿಲ್ಲಂದ್ರ ಹೋಟೆಲದಾಗ ಕಸಾ ಹೊಡಿಯೂ ಕೆಲಸಾನೂ ಇಲ್ಲ, ಈ ಕೆರಿ ದಂಡಿಗೆ ಕಾಲೂ ಇಡಂಗಿಲ್ಲ. ತಿಳೀತಿಲ್ಲೋ?”

ಗಂಡಸರು ನೆಲ ನೋಡಿದರು. ಹೋಟೆಲಿನಲ್ಲಿ ದುಡಿಯುವ ಮನೆ ಹನ್ನೊಂದಿದ್ದವು. ರೂಪಿಬಾಯಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ಹೋಗೂಣ್ರಿ. ದೇವರು ಕರದಾಗ ಒಲ್ಲೆ ಅನ್ನಬಾರದು. ಆದ್ರ ಕೂಲಿ ಸೀರೀಲೆ ದೇವರ ಮುಂದ ಹೋಗೂದು ನಮ್ಮಲ್ಲಿಲ್ಲ. ಲಂಗ ತೊಳಕೋಬೇಕು. ಒಡ್ಡಿನ ಮ್ಯಾಲ ಹಾಕ್ಕೊಳ್ಳೂಣೇನ್ರಿ?”

ಸೋಮಪ್ಪನಿಗೆ ಇಷ್ಟು ಸಲೀಸಾಗುತ್ತದೆಂದು ಅನ್ನಿಸಿರಲಿಲ್ಲ. “ಹಾಕ್ಕೋರಿ, ಹಾಕ್ಕೋರಿ.”

“ಪೆಂಡಾಲದ ಜಾಗಾ ಬಿಟ್ಟು,” ಅಂದ ಈರೇಶ.

“ಅದನ್ನ ಬಿಟ್ಟು,” ಅಂದಳು ರೂಪಿಬಾಯಿ.

ಅವರು ಹೋದಮೇಲೆ ತಾಂಡಾದಲ್ಲಿ ಟ್ರಂಕುಗಳು ತೆರೆದವು. ಹಬ್ಬಕ್ಕೂ ಹೊರಬರದ ಲಂಗಗಳು ಹೊರಬಂದವು: ಕೆಂಪು, ಕಡುನೀಲಿ, ಕವಡೆ ಕಟ್ಟಿದವು, ಕಾಸು ಕಟ್ಟಿದವು. ನೆನೆಸಿ ಹಿಂಡುವುದೇ ಇಬ್ಬಿಬ್ಬರ ಕೆಲಸ. ರೂಪಿಬಾಯಿ ಪೆಂಡಾಲಿನ ಗೂಟದ ಆಚೆ ಹದಿನೈದು, ಈಚೆ ಹದಿನೈದು, ಸಾಲು ಹಿಡಿದು ಹರವಿಸಿದಳು. ಎಲ್ಲ ಬೊಡ್ಡೆಯ ಸಾಲಿಗೇ. ಉಳಿದವನ್ನು ಸಂದಿಯಲ್ಲಿ ತುರುಕಿದಳು.

“ಯಾಡಿ,” ಅಂದಳು ತುಳಜಾ. ಅತ್ತೆಯನ್ನು ಅವಳು ಕರೆಯುವುದೇ ಹಾಗೆ, ಅವ್ವಾ ಎಂದು. “ಇಲ್ಲಿ ಹಾಕಿದ್ರ ಒಂದು ವಾರ ಆದ್ರೂ ಒಣಗೂದಿಲ್ಲ. ಮರತಿಯೇನು?”

“ನಂದೊಂದು ತೊಗೊಂಡು ಹೋಗಿ ಮ್ಯಾಲ ಕಲ್ಲಿಗೆ ಹಾಕು,” ಅಂದಳು ರೂಪಿಬಾಯಿ. ಅಷ್ಟೇ.

ತುಳಜಾ ಅತ್ತೆಯ ಮುಖ ನೋಡಿದಳು. ಆಮೇಲೆ ಬಾಯಿಗೆ ಸೆರಗು ತುರುಕಿಕೊಂಡು, ನಗು ತಡೆಯಲಾರದೆ, ಲಂಗ ಹೊತ್ತು ಒಡ್ಡು ಏರಿದಳು.

ಬೆಳಿಗ್ಗೆ ಲಾರಿ ಬಂತು. ಹಾರ್ನು ಹೊಡೆಯಿತು. ಯಾರೂ ಬರಲಿಲ್ಲ. ಈರೇಶ ಓಡಿ ಬಂದು ನೋಡಿದರೆ ತಾಂಡಾದ ಹೆಂಗಸರೆಲ್ಲ ಹರಕು ಸೀರೆಯಲ್ಲಿ ಒಡ್ಡಿನ ಬುಡದಲ್ಲಿ ಕೂತಿದ್ದಾರೆ, ಲಂಗದ ಅಂಚು ಮುಟ್ಟಿ ಮುಟ್ಟಿ ನೋಡುತ್ತಿದ್ದಾರೆ, ಕೂಸಿನ ಮೈ ಬಿಸಿ ನೋಡಿದ ಹಾಗೆ.

“ಲಾರಿ ಹತ್ರಲೇ!”

“ಒಣಗಿಲ್ಲರಿ,” ಅಂದಳು ಒಬ್ಬಳು.

“ಹಸೀವಽ ಉಟ್ಕೋರಿ!”

“ಅಯ್ಯ, ಬಿಡ್ತು ಅನ್ರಿ. ನಮ್ಮ ತಾಂಡಾದಾಗ ಹಸಿ ಅರಿವಿ ಉಡೂದು ಹೆಣಾ ಇಟ್ಟ ದಿವಸ.”

“ಬ್ಯಾರೇದು ಉಟ್ಕೋರಿ!”

“ಬ್ಯಾರೇದು ಇದ್ರ ಇದನ್ನ ಯಾಕ ತೊಳೀತಿದ್ದಿವ್ರಿ?” ಅಂದಳು ತುಳಜಾ. “ನಿಮ್ಮ ಪ್ಯಾಂಟು ಕೊಡ್ತೀರೇನು?”

ಹೆಂಗಸರು ಹೋ ಎಂದು ನಕ್ಕರು. ಈರೇಶನ ಮುಖ ಹಣ್ಣುಮೆಣಸಿನಕಾಯಿ ಆಯಿತು. ಅವನು ಕೈ ಎತ್ತಿದ. ಅಷ್ಟರಲ್ಲಿ ಗಂಗಾರಾಮ ಕೆಮ್ಮಿದ. ಗಂಗಾರಾಮನ ಹಿಂದೆ, ಕಬ್ಬು ಕಡಿಯುವುದು ಮುಗಿಸಿ ತಾಂಡಾಕ್ಕೆ ಮರಳಿದ್ದ ಮೂವತ್ತು ಜನ ಸುಮ್ಮನೆ ಕೂತಿದ್ದರು. ಎತ್ತಿದ ಕೈಯಿಂದ ಈರೇಶ ತನ್ನ ತಲೆ ಕೆರೆದುಕೊಂಡ.

ಬಿಸಿಲು ಏರಿತು. ಮಕ್ಕಳು ಹಸಿವೆಂದು ಅತ್ತವು, ಒಲೆ ಹೊತ್ತಿದವು. ಕೋಳಿ ಬುಟ್ಟಿಯಿಂದ ಹೊರಬಂದವು. ಲಾರಿಯ ನೆರಳಲ್ಲಿ ನಾಯಿಗಳು ಮಲಗಿದವು. ಆ ಹೊತ್ತಿಗೆ, ಹನ್ನೊಂದಕ್ಕೆ ಬರಬೇಕಾದ ಜೀಪು ಹತ್ತಕ್ಕೇ ಬಂತು.

ಇಂಜಿನಿಯರು ತೆಳ್ಳಗಿನ ಮನುಷ್ಯ, ಮೈಸೂರು ಕಡೆಯವರು. ಒಡ್ಡಿನ ಮೇಲೆ ನಿಂತು ಕೆಳಗೆ ನೋಡಿದರು. ಕೈಯಲ್ಲಿದ್ದ ಕಾಗದ ನೋಡಿದರು. ಮತ್ತೆ ಕೆಳಗೆ ನೋಡಿದರು.

“ಕೆಳಗೆ ಯಾರೂ ಇಲ್ಲ ಅಂತ ಬರೆದಿದೆಯಲ್ಲ?”

“ಇಲ್ಲರಿ ಸರ್,” ಅಂದ ಸೋಮಪ್ಪ. “ಇವ್ರು ಅಲೆಮಾರಿ ಮಂದಿ. ಇವತ್ತು ಇಲ್ಲಿ, ನಾಳೆ ಇನ್ನೊಂದು ಕಡೆ.”

ಮೇಲಿನ ಕಲ್ಲಿಗೆ ಹಾಕಿದ್ದ ತನ್ನ ಲಂಗ ಮಡಚುತ್ತಿದ್ದ ರೂಪಿಬಾಯಿ, “ಹೌದ್ರಿ,” ಅಂದಳು. “ಬಂದು ಐವತ್ತೆರಡು ವರ್ಷ ಆತು. ನಾಳೆ ಹೋಗಬೇಕು.”

ಅಡಿವೆಯ್ಯ ಟೇಪು ಹಿಡಿದು ಕೆಮ್ಮಿದ. ಅದು ಕೆಮ್ಮಲ್ಲ, ನಗು. ಇಂಜಿನಿಯರು ಅವಳನ್ನೂ ಲಂಗವನ್ನೂ ನೋಡಿದರು.

“ಮೊದಲ ನಾಷ್ಟಾ ಮಾಡೂಣು ಬರ್ರಿ ಸರ್,” ಎಂದು ಸೋಮಪ್ಪ ಅವರ ಮೊಳಕೈ ಹಿಡಿದು ಪೆಂಡಾಲಿಗೆ ಇಳಿಸಿದ. ಬಿಳಿ ಬಟ್ಟೆ ಹಾಸಿದ ಟೇಬಲ್ಲು, ಕೆಂಪು ಪ್ಲಾಸ್ಟಿಕ್ ಕುರ್ಚಿ, ಉಪ್ಪಿಟ್ಟು, ಶಿರಾ, ಹೆಸರುಬೇಳೆ ಕೋಸಂಬರಿ. ಆ ಕಡೆ ಈ ಕಡೆ ಲಂಗಗಳ ಸಾಲು, ಬಿಸಿಲಿಗೆ ಮಿಣಮಿಣ. “ಸೀನರಿಗೆ ಹಾಕಿಸೇನ್ರಿ,” ಅಂದ ಸೋಮಪ್ಪ.

ಇಂಜಿನಿಯರು ಎರಡನೇ ತುತ್ತು ಬಾಯಿಗಿಡುವಾಗ ಶಿರಾದ ತಾಟು ತಾನೇ ಅವರ ಕಡೆ ಬಂತು. ಅವರು ತಳ್ಳಿದರು. ಮತ್ತೆ ಬಂತು. ಟೇಬಲ್ಲಿನ ಒಂದು ಕಾಲು ಗೇಣುದ್ದ ಒಳಗೆ ಹೋಗಿತ್ತು. ಅವರು ಏಳಬೇಕೆನ್ನುವಷ್ಟರಲ್ಲಿ ಎದುರಿಗಿದ್ದ ಸೋಮಪ್ಪ ನಿಧಾನವಾಗಿ, ಬಹಳ ಗೌರವದಿಂದ, ಹಿಂದಕ್ಕೆ ವಾಲತೊಡಗಿದ. ಅವನ ಕುರ್ಚಿಯ ಹಿಂದಿನ ಎರಡೂ ಕಾಲು ಹುಲ್ಲಿನಲ್ಲಿ ಮುಳುಗುತ್ತಿದ್ದವು. “ಏ ಈರ್ಯಾ, ಹಿಡಿಯೋ ಸೂಳೇಮಗನ!” ಅನ್ನುವುದರೊಳಗೆ ಸಾವಕಾರನ ಎರಡು ಕಾಲು ಆಕಾಶ ನೋಡಿದವು. ಉಪ್ಪಿಟ್ಟು ಎದೆಯ ಮೇಲೆ.

ತಾಂಡಾದ ಮಕ್ಕಳು ಚಪ್ಪಾಳೆ ಹೊಡೆದವು. ಯಾರೂ ಗದರಿಸಲಿಲ್ಲ.

ಇಂಜಿನಿಯರು ನಗಲಿಲ್ಲ. ಅವರು ಕುಕ್ಕರಗಾಲಿನಲ್ಲಿ ಕೂತು, ಕುರ್ಚಿಯ ಕಾಲು ಕೊರೆದ ತೂತು ನೋಡುತ್ತಿದ್ದರು. ತೂತಿನಲ್ಲಿ ನೀರು ಏರುತ್ತಿತ್ತು. ಬೆರಳು ಅದ್ದಿ, ಅಂಗೈಗೆ ಹಚ್ಚಿಕೊಂಡು ನೋಡಿದರು.

“ಹೋದ ವರ್ಷ ತಿಳಿ ಬರ್ತಿತ್ರಿ,” ಅಂದಳು ಹಿಂದೆ ಬಂದು ನಿಂತಿದ್ದ ರೂಪಿಬಾಯಿ. “ಈ ವರ್ಷ ಕೆಂಪಗ ಬರಾಕತ್ತೈತಿ.”

ಅವರ ಮುಖದ ಬಣ್ಣ ಬದಲಾಯಿತು. ನೀರು ತಿಳಿ ಬಂದರೆ ಒಡ್ಡು ಬೆವರುತ್ತಿದೆ ಎಂದರ್ಥ. ಕೆಂಪಗೆ ಬಂದರೆ ಒಡ್ಡು ಒಳಗಿಂದ ಕರಗುತ್ತಿದೆ ಎಂದರ್ಥ. ಅದನ್ನು ಅವರು ಪುಸ್ತಕದಲ್ಲಿ ಓದಿದ್ದರು.

“ಎಷ್ಟು ದೂರ ಇದೆ ಈ ತೇವ?”

“ಮೂವತ್ತು ಲಂಗ.”

“ಏನು?”

ಅವಳು ಸಾಲು ತೋರಿಸಿದಳು. ಕೈಯಲ್ಲಿದ್ದ ಮಡಚಿದ ಲಂಗ ಅವರ ಕೈಗೆ ಕೊಟ್ಟಳು. ಗರಿಗರಿ ಒಣಗಿತ್ತು. ಆಮೇಲೆ ಬುಡದ ಲಂಗವೊಂದನ್ನು ಎತ್ತಿ ಕೊಟ್ಟಳು. ಅದರಿಂದ ನೀರು ತೊಟ್ಟಿಕ್ಕಿ ಅವರ ಬೂಟಿನ ಮೇಲೆ ಬಿತ್ತು. “ಒಂದಽ ತಾಸಿಗೆ ಹಾಕಿದ್ದು ಎರಡೂ. ಅದು ಮ್ಯಾಲ ಕಲ್ಲಿನ ಮ್ಯಾಲಿಂದು. ಇದು ಇಲ್ಲೀದು. ಒಳಗ ಮತ್ತಿ ಬೊಡ್ಡಿ ಐತ್ರಿ.”

“ನಿಮಗೆ ಹೇಗೆ ಗೊತ್ತು?”

“ನಾನಽ ಮಣ್ಣು ಹಾಕೇನಿ ಅದರ ಮ್ಯಾಲ.”

ಇಂಜಿನಿಯರು ಎದ್ದು, ಸಾಲಿನ ಉದ್ದಕ್ಕೂ ಒಂದೊಂದೇ ಲಂಗ ಎತ್ತಿ, ಕೆಳಗಿನ ನೆಲ ಮುಟ್ಟಿ ನೋಡುತ್ತ ಹೋದರು. ಅಡಿವೆಯ್ಯ ಟೇಪು ಎಳೆದ. ವಾಪಸು ಬಂದು ಮೊದಲನೇ ಖಾನೆಯಲ್ಲಿ ‘ಕೆಟ್ಟಿದೆ’ ಎಂದು ಬರೆದರು. ಎರಡನೇ ಖಾನೆಗೆ ಬಂದು, “ಎಷ್ಟು ಜನ ಇದ್ದೀರಿ?” ಅಂದರು.

“ಇನ್ನೂರಾ ಹದಿಮೂರು,” ಅಂದಳು ತುಳಜಾ. “ನಮ್ಮ ಮೇಘಾಗ ತುಂಬಿದ ತಿಂಗಳು. ಮಳಿ ಬರೂದ್ರಾಗ ಹಡೀತಾಳ.”

ಅವರು ಇನ್ನೂರಾ ಹದಿನಾಲ್ಕು ಎಂದು ಬರೆದರು. ತುಳಜಾ ಬಗ್ಗಿ ನೋಡಿ, ಓದಿ, ಹಿಂದಿರುಗಿ ಕೂಗಿದಳು: “ಏ ಮೇಘಾ! ನಿನ್ನ ಕೂಸು ಹುಟ್ಟೂಕಿಂತ ಮೊದಲ ಕಾಗದದಾಗ ಬಂತು ನೋಡ!”

ಸೋಮಪ್ಪ ಎದೆಯ ಉಪ್ಪಿಟ್ಟು ಕೊಡವಿಕೊಳ್ಳುತ್ತ ಎದ್ದುಬಂದಿದ್ದ. “ಮಂದಿ ಇರೂದಕ್ಕ ಅಲ್ಲೇನ್ರಿ ಅಪಾಯ? ಮಂದಿ ಎಬ್ಬಿಸಿದ್ರ ಅಪಾಯನೂ ಎದ್ದು ಹೋತು. ಲಾರಿ ಹೆಂಗೂ ನಿಂತೈತಿ.”

ನಗು ಅಷ್ಟಕ್ಕೆ ನಿಂತಿತು. ಮೇಘಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

ಇಂಜಿನಿಯರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. “ಎರಡು ದಾರಿ ಇದೆ. ನೀರು ಇಳಿಸಬೇಕು, ಇಲ್ಲಾ ಜನರನ್ನ ಎತ್ತಬೇಕು. ಯಾವುದು ಅಂತ ಮೇಲಿನವರು ತೀರ್ಮಾನ ಮಾಡ್ತಾರೆ. ನಾನು ಬರೀತೀನಿ.”

“ಅವ್ರು ಹೇಳೂದು ಯಾವಾಗ್ರಿ?” ರೂಪಿಬಾಯಿ ಕೇಳಿದಳು.

“ಎರಡು ತಿಂಗಳು… ಮೂರು.”

“ಮಳಿ ಹತ್ತು ದಿನದಾಗ ಬರತೈತ್ರಿ.”

ಇಂಜಿನಿಯರು ಕಾಗದದ ಕಡೆ ತಿರುಗಿ, ಉಳಿದ ಸಾಲು ತುಂಬತೊಡಗಿದರು. “ತೂಬು ಕೆಲಸ ಮಾಡ್ತಿದೆಯಾ?”

“ಫಸ್ಟ್ ಕ್ಲಾಸ್ ರೀ ಸರ್!” ಅಂದ ಸೋಮಪ್ಪ. ಒಂದಾದರೂ ಖಾನೆ ತನ್ನ ಕಡೆ ಆಗಲಿ ಎಂದು ಅವನಿಗೆ. “ಬೆಣ್ಣಿ ಇದ್ದಂಗ ಐತಿ. ಬೇಕಂದಾಗ ತಗಿಯೂದು, ಬೇಕಂದಾಗ ಹಾಕೂದು.”

“ಯಾರಾದರೂ ತೆಗೆದು ನೋಡಿದ್ದೀರಾ?”

ಇಷ್ಟು ಹೊತ್ತು ಒಂದು ಮಾತೂ ಆಡದಿದ್ದ ಗಂಗಾರಾಮ ಎದ್ದು ನಿಂತ. ಅಂಗಿ ಕಳಚಿ ಮಡಚಿ ಹೆಂಡತಿಯ ಕೈಗೆ ಕೊಟ್ಟ. “ಸಾವಕಾರ್ರು ಸುಳ್ಳು ಹೇಳೂದಿಲ್ರಿ. ತಗದು ತೋರಸ್ತೀನಿ.”

“ಏ! ಯಾಂವ ಹೇಳಿದ ನಿನಗ?” ಈರೇಶ ಅಡ್ಡ ಬಂದ.

“ಪರೀಕ್ಷೆ ಮಾಡಿ ಬರೆಯೋದು ನಿಯಮ,” ಅಂದರು ಇಂಜಿನಿಯರು, ಕಾಗದದಿಂದ ತಲೆ ಎತ್ತದೆ.

ಅರವತ್ತೈದರ ಗಂಗಾರಾಮ ಸೊಂಟಕ್ಕೆ ಬಾವಿಯ ಹಗ್ಗ ಕಟ್ಟಿಕೊಂಡು, ತೂಬಿನ ಎರಡು ಕಲ್ಲುಕಂಬಗಳ ನಡುವೆ ಮುಳುಗಿದ. ಗುಳ್ಳೆ ಬಂದವು. ಗುಳ್ಳೆ ನಿಂತವು. ರೂಪಿಬಾಯಿ ಅಂಗಿ ಎದೆಗೆ ಹಿಡಿದು ಮನಸ್ಸಿನಲ್ಲೇ ಎಣಿಸಿದಳು. ಮೊದಲು ಮೂವತ್ತಕ್ಕೆ ಏಳುತ್ತಿದ್ದ. ನಲವತ್ತಾಯಿತು. ನಲವತ್ತೈದಾಯಿತು. ಐವತ್ತಕ್ಕೆ ಬೋಳುತಲೆ ಎದ್ದಿತು, ಹಗ್ಗ ಸೊಂಟದಲ್ಲಿರಲಿಲ್ಲ. ಬಿರಡೆಯ ಬಳೆಗೆ ಕಟ್ಟಿ ಬಂದಿದ್ದ. ದಂಡೆಗೆ ಬಂದು ಉಸಿರು ತೆಗೆದುಕೊಂಡು, “ಎಳೀರಿ,” ಅಂದ.

ಹಗ್ಗವನ್ನು ಕಲ್ಲುಕಂಬದ ಅಡ್ಡದ ಮೇಲೆ ಹಾಯಿಸಿದರು. ಮೊದಲು ಕಬ್ಬು ಕಡಿಯುವ ಗಂಡಸರು ಹಿಡಿದರು, ಅವರ ಹಿಂದೆ ಹೆಂಗಸರು, ಹೋಟೆಲಿನ ಕಸ ಹೊಡೆಯುವ ಹನ್ನೊಂದು ಮನೆಯವರೂ ಬಂದರು. ತುಳಜಾ ಪದ ಎತ್ತಿದಳು, ಮಣ್ಣು ಹೊರುವಾಗ ಹೇಳುತ್ತಿದ್ದ ಹಳೆಯ ಪದ. ಒಂದು ಎಳೆತ. ಎರಡು. ಮೂರನೆಯದಕ್ಕೆ ನೀರಡಿ ಏನೋ ಬುಡುಕ್ ಎಂದು, ಹಿಡಿದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ನೀರ ಮೇಲೆ ಸುಳಿ ತಿರುಗಿತು. ಒಂದು ಗಳಿಗೆ ಬಿಟ್ಟು, ಒಡ್ಡಿನ ಆಚೆ ಬುಡದಲ್ಲಿ, ನಾಲ್ಕು ವರ್ಷ ಜೇಡ ಬಲೆ ಕಟ್ಟಿದ್ದ ತೂಬಿನ ಬಾಯಿ ಗುಡುಗಿತು. ಗದ್ದೆಯ ಕಾಲುವೆಗೆ ನೀರು ನುಗ್ಗಿತು, ಅದರ ಮುಂದೆ ಮುಂದೆ ತಾಂಡಾದ ಮಕ್ಕಳೆಲ್ಲ ಓಡಿದವು.

ಇಂಜಿನಿಯರು ಬರೆದರು: ತೂಬು, ಕೆಲಸ ಮಾಡುತ್ತಿದೆ.

“ಆತಲ್ಲ? ನೋಡಿದ್ರಲ್ಲ?” ಅಂದ ಸೋಮಪ್ಪ. “ಮುಚ್ಚೋ ಇನ್ನ.”

ಗಂಗಾರಾಮ ತಲೆ ಒರೆಸಿಕೊಳ್ಳುತ್ತಿದ್ದ. “ಮುಚ್ಚಾಕ ಬಿರಡಿಗೆ ಅರಿವಿ ಬೇಕಲ್ರೀ. ಹಳೇದು ಹರದು ಹೋತು.”

“ಪೆಂಡಾಲದ ಬಟ್ಟಿ ತೊಗೋ!”

“ತೆಳುವು ಐತ್ರಿ. ತಡಿಯೂದಿಲ್ಲ.”

“ಹಂಗಾರ ಲಂಗಾ ತೊಗೋ! ಅಲ್ಲಿ ಬಿದ್ದಾವಲ್ಲ ಇಷ್ಟು!”

ಹೇಳಿ ಮುಗಿಸುವುದರೊಳಗೆ ಈರೇಶ ಒಡ್ಡು ಇಳಿದು ಓಡಿದ. ಆದರೆ ಹುಲ್ಲಿನ ಮೇಲೆ ಒಂದು ಲಂಗವೂ ಇರಲಿಲ್ಲ. ರೂಪಿಬಾಯಿ ಮಾತಾಡಿರಲಿಲ್ಲ, ಕಣ್ಸನ್ನೆಯನ್ನೂ ಮಾಡಿರಲಿಲ್ಲ. ತನ್ನ ಒಣಗಿದ ಲಂಗವನ್ನು ಸೀರೆಯ ಮೇಲೆಯೇ ಉಟ್ಟು ಲಾಡಿ ಕಟ್ಟಿದ್ದಳು, ಅಷ್ಟೇ. ಅದನ್ನು ನೋಡಿ ಪಕ್ಕದವಳು ತನ್ನ ಹಸಿ ಲಂಗ ಎತ್ತಿ ಸೀರೆಯ ಮೇಲೆ ಉಟ್ಟಳು. ಅವಳ ಪಕ್ಕದವಳೂ. ನಲವತ್ತೆರಡು ಮನೆಯ ಹೆಂಗಸರು, ಹೆಣ ಇಟ್ಟ ದಿನವಲ್ಲದ ದಿನ, ಹಸಿ ಲಂಗ ಉಟ್ಟು ನೀರು ಸುರಿಸುತ್ತ ಸಾಲಾಗಿ ನಿಂತಿದ್ದರು. ಮೈತುಂಬ ಕನ್ನಡಿ. ಬಿಸಿಲು ಸಿಡಿದು ಈರೇಶನಿಗೆ ಕಣ್ಣು ಬಿಡಲಿಕ್ಕಾಗಲಿಲ್ಲ.

“ಯಾರದು ಬೇಕ್ರಿ?” ಅಂದಳು ತುಳಜಾ. “ಹಗ್ಗದ ಮ್ಯಾಲಿಲ್ಲ ಈ ಸಲ. ಬಂದು ಬಿಚ್ಕೋರಿ.”

ಈರೇಶ ಸಾಲಿನ ಈ ತುದಿಯಿಂದ ಆ ತುದಿ ನೋಡಿದ. ಎಷ್ಟೋ ಈರೇಶರು ಆ ಕನ್ನಡಿಗಳಿಂದ ಅವನನ್ನೇ ನೋಡುತ್ತಿದ್ದರು, ಒಬ್ಬೊಬ್ಬನೂ ಹೆಬ್ಬೆರಳಿನಷ್ಟು. ಅವನು ಹಿಂದಕ್ಕೆ ಹೆಜ್ಜೆಯಿಟ್ಟ. ಕಾಲು ಪೆಂಡಾಲಿನ ಕೆಸರಿನಲ್ಲಿ ಮೊಳಕಾಲುಮಟ ಹೋಯಿತು.

ಇಂಜಿನಿಯರು ಸಾಯಂಕಾಲದವರೆಗೆ ಇರಲಿಲ್ಲ. ಹೋಗುವಾಗ, ಮೇಲಿನಿಂದ ಕಾಗದ ಬರುವತನಕ ತೂಬಿಗೆ ಯಾರೂ ಕೈಹಾಕಬಾರದು ಎಂದು ಸೋಮಪ್ಪನಿಗೆ ಬರೆದುಕೊಟ್ಟರು. ಆ ಕಾಗದ ಜನರನ್ನು ಎತ್ತಿರಿ ಎಂದು ಬಂದರೂ ಬರಬಹುದು, ಅದನ್ನು ಅಡಿವೆಯ್ಯ ಮುಚ್ಚಿಡದೆ ಹೇಳಿದ. “ಬರ್ಲಿ ಬಿಡು,” ಅಂದ ಗಂಗಾರಾಮ. “ಬರೂದ್ರಾಗ ನೀರು ಇಳದಿರತೈತಿ.” ಲಾರಿ ಡ್ರೈವರ್ ತಾಂಡಾದಲ್ಲೇ ಜೋಳದ ರೊಟ್ಟಿ ತಿಂದು ಹೋದ.

ಮೂರನೇ ದಿನಕ್ಕೆ ಹಂಸಗಳು ಕೆಸರಿನಲ್ಲಿ ಕೂತಿದ್ದವು, ಕುತ್ತಿಗೆ ಒಂದೊಂದು ಒಂದೊಂದು ಕಡೆಗೆ. ಆವತ್ತು ಕಾಲುವೆಯಲ್ಲಿ ಆಡುತ್ತಿದ್ದ ಮಕ್ಕಳು ಏನನ್ನೋ ಎಳೆದು ತಂದರು: 

“ಅಜ್ಜೀ, ತೂಬಿನ್ಯಾಗಿಂದ ಬಂತು!”

ಕೆಸರಿನ ಮುದ್ದೆ. ರೂಪಿಬಾಯಿ ಹರಿಯುವ ನೀರಿನಲ್ಲಿ ಅದ್ದಿ ಅದ್ದಿ ತೊಳೆದಳು. ಕೆಂಪು ಬಂತು. ಹೊಲಿಗೆ ಬಂತು. ಅರ್ಧ ಹರಿದು ಹೋಗಿತ್ತು. ಉಳಿದರ್ಧದಲ್ಲಿ ಏಳು ಕನ್ನಡಿ ಇನ್ನೂ ಗಟ್ಟಿಯಾಗಿ ಕೂತಿದ್ದವು. ಗಂಗಾರಾಮ ದೂರ ನಿಂತು ನೋಡಿದ. ಹತ್ತಿರ ಬರಲಿಲ್ಲ.

ಅವಳು ಹಿಂಡಿದಳು. ಹೆಗಲಿಗೆ ಹಾಕಿಕೊಂಡು ನಿಧಾನಕ್ಕೆ ಒಡ್ಡಿನ ಬುಡಕ್ಕೆ ನಡೆದು, ಮತ್ತಿ ಬೊಡ್ಡೆಯ ಜಾಗದಲ್ಲಿ, ಸಾವಕಾರನ ಕುರ್ಚಿ ಕೊರೆದ ಎರಡು ತೂತಿನ ನಡುವೆ, ಮಡಿಕೆ ಇಲ್ಲದ ಹಾಗೆ ಹರವಿದಳು.

“ಯಾಡಿ, ಇದೇನು? ಅಲ್ಲಿ ಒಣಗತೈತೇನು?” ಅಂದಳು ತುಳಜಾ.

ರೂಪಿಬಾಯಿ ಅದರ ಪಕ್ಕದಲ್ಲೇ, ಒಣನೆಲ ನೋಡಿಕೊಂಡು, ಕಾಲು ಚಾಚಿ ಕೂತಳು. ಪಡುವಣ ಕಾಡಿನ ಮೇಲೆ ಮೋಡ ಕಟ್ಟುತ್ತಿತ್ತು.

“ನೋಡೂಣು,” ಅಂದಳು.